ಪ್ರಯೋಗದಲ್ಲೇ ಇರಲಿ

ಅರುಂಧತಿ ಒಂದು ಕೈಯಲ್ಲಿ ಹಾರ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅಂಬರೀಶನ ಮೊಬೈಲು ಕಿತ್ತುಕೊಂಡಳು. ಸಾವಿನ ಮನೆಯಲ್ಲಿ ಮೊಬೈಲು ಒತ್ತುತ್ತ ಕೂರುವುದೇ ಒಂದು ಅನಿಷ್ಟ; ಇವನು ಒತ್ತುತ್ತಿದ್ದದ್ದು ಸತ್ತವರ ವಿಷಯವನ್ನೇ. ಗುತ್ತಲಿನ ಆ ಪುಟ್ಟ ಮನೆಯ ನಡುಮನೆಯಲ್ಲಿ, ಐಸ್ ಪೆಟ್ಟಿಗೆಯ ಗಾಜಿನಡಿ ಶಿವರಾಮು ಮೇಷ್ಟ್ರು ಮಲಗಿದ್ದರು. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಇವರಿಬ್ಬರಂಥ ನೂರಾರು ಮಕ್ಕಳಿಗೆ ಕಂಪ್ಯೂಟರು ಬಿಚ್ಚಿ ಜೋಡಿಸುವುದನ್ನು ಕಲಿಸಿದ ಮನುಷ್ಯ. ಮೂರು ಗಂಟೆಗೆ ಹುಟ್ಟೂರು ಬಂಡೂರಿಗೆ ಒಯ್ದು ಮಣ್ಣು ಮಾಡಬೇಕು. ವ್ಯಾನು ಆಗಲೇ ಬಾಗಿಲಲ್ಲಿ ನಿಂತಿತ್ತು.

"ಏನ್ಲಾ ಇದು? ಸಾರ್ ಇನ್ನೂ ಮನೆಯಿಂದಾಚೆಗೆ ಓಗಿಲ್ಲ, ಆಗ್ಲೇ ಅವ್ರ ಕೋಡ್ ಸೇರಿಸ್ಬುಡಿ ಅಂತ ಬರ್ದಿದ್ದೀಯಲ್ಲ!"

"ಅವ್ರ ಎಸ್ರು ಉಳೀಲಿ ಅಂತ ಕಣೆ. ಒಸ ವರ್ಶನ್‌ಗೆ ಸೇರ್ಸೋದ್ನ ಇವತ್ತು ಐದು ಗಂಟೆಗೆ ಮುಚ್ಬುಡ್ತಾರೆ. ತಪ್ಪುದ್ರೆ ಇನ್ನೆರಡು ವರ್ಸ ಕಾಯ್ಬೇಕು. ನೀನೊಬ್ಳು ಊಂ ಅಂದ್ರೆ ಆಯ್ತು."

ಅವಳಿಗೆ ಮೈಯೆಲ್ಲ ಉರಿಯಿತು. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ, ಪುಕ್ಕಟೆ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ ಅದು. ಶಾಲೆ, ಆಸ್ಪತ್ರೆ, ಹಾಲಿನ ಡೈರಿ, ಎಲ್ಲೆಲ್ಲೋ ಓಡುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಹೋದರೂ ಫೈಲು ಹಾಳಾಗಬಾರದೆಂದು ಮೇಷ್ಟ್ರು ಅದಕ್ಕೊಂದು ಕೋಡ್ ಬರೆದಿದ್ದರು. ಆ ಭಾಗಕ್ಕೆ ಏನು ಸೇರಬೇಕು, ಏನು ಕೂಡದು ಎಂದು ಹೇಳುವ ಹಿರಿಯರೂ ಅವರೇ. ಆರು ವರ್ಷ ತಮ್ಮದೇ ಕೋಡನ್ನು ಪ್ರಯೋಗದ ವಿಭಾಗದಲ್ಲಿ ಕೂರಿಸಿ, ಒಳಗೆ ಬಿಟ್ಟಿರಲಿಲ್ಲ. ಈಗ ಅವರಿಲ್ಲ. ಅವರ ಜೊತೆ ಆ ಭಾಗ ನೋಡಿಕೊಳ್ಳುವ ಈ ಶಿಷ್ಯರಿಬ್ಬರೂ ಒಪ್ಪಿದರೆ ಸಾಕು. ಅಂಬರೀಶ ಒಪ್ಪಿ ಆಗಿತ್ತು.

* * *

ಹೋದ ವರ್ಷ ಲ್ಯಾಬಿನಲ್ಲಿ ಇದೇ ಅರುಂಧತಿ ಅವರೆದುರು ಮೇಜು ಕುಟ್ಟಿದ್ದಳು.

"ನಾನೂರು ಸಲ ಕರೆಂಟು ತೆಗ್ದು ನೋಡಿದ್ದೀರಿ ಸಾರ್. ಒಂದೇ ಒಂದ್ಸಲ ಫೈಲು ಓಗಿರೋದು. ಇನ್ನೆಷ್ಟು ದಿನ ಪ್ರಯೋಗ?"

"ಆ ಒಂದ್ಸಲ ಯಾಕೋಯ್ತು, ಗೊತ್ತೇನವ್ವ?"

"ಇಲ್ಲ."

"ನಂಗೂ ಗೊತ್ತಿಲ್ಲ. ಗೊತ್ತಾಗೋಗಂಟ ಇಲ್ಲೇ ಬಿದ್ದಿರ್ಲಿ. ಇಲ್ಲಿಂದ ಆಕ್ಕೊಂಡೋನ್ಗೆ ಇದು ಪ್ರಯೋಗ ಅಂತ ಗೊತ್ತಿರ್ತದೆ. ಒಳಿಕ್ಕೆ ಸೇರ್ಸ್ಬುಟ್ರೆ ಏನೂ ಗೊತ್ತಿಲ್ದೋನೂ ನಂಬ್ತಾನೆ."

"ನಿಮ್ಗೆ ಧೈರ್ಯ ಇಲ್ಲ ಸಾರ್, ಅಷ್ಟೇ" ಎಂದು ಮುಖಕ್ಕೆ ಹೇಳಿ ಎದ್ದು ಬಂದಿದ್ದಳು. ಆಮೇಲೆ ಎಂಟು ತಿಂಗಳು ಮಾತಿಲ್ಲ, ಕತೆಯಿಲ್ಲ. ಅವರು ಎರಡು ಸಲ ಫೋನು ಮಾಡಿದರು. ಎತ್ತಲಿಲ್ಲ, ದರಿದ್ರ ಹಟ!

* * *

"ನೀನ್ಯಾಕವ್ವ ಅಡ್ಡ ಬಂದೀಯೆ?" ಮೇಷ್ಟ್ರ ಅಣ್ಣ ಚಿಕ್ಕಬೋರಯ್ಯ ಟವೆಲಿನಲ್ಲಿ ಕಣ್ಣೊರೆಸಿಕೊಂಡು ಗದರಿದರು. "ಲಕ್ಸಾಂತ್ರ ಕಂಪೂಟ್ರಲ್ಲಿ ನನ್ ತಮ್ಮನ ಎಸ್ರು ಬತ್ತದಂತೆ. ಬದುಕಿದ್ದಾಗ ಒಬ್ರೂ ಅವನ್ಗೊಂದು ಊವಿನಾರ ಆಕ್ನಿಲ್ಲ."

ಅದು ನಿಜ. ಒಂದು ಸಲ ಊಂ ಅಂದುಬಿಟ್ಟರೆ, ಧೈರ್ಯವಿಲ್ಲ ಎಂದಿದ್ದರ ಪಾಪವಾದರೂ ಕಳೆದೀತು ಎಂದು ಅರುಂಧತಿಯ ಮನಸ್ಸು ಜಾರತೊಡಗಿತು.

ಪೆಟ್ಟಿಗೆಯ ಪಕ್ಕ ಕೂತಿದ್ದ ಮೇಷ್ಟ್ರ ಹೆಂಡತಿ ಪಟ್ಟಲಮ್ಮ ತಲೆಯೆತ್ತಿದರು. ಬೆಳಗಿನಿಂದ ಅವರ ಬಾಯಲ್ಲಿ ಬಂದ ಮೊದಲ ಮಾತು ಅದು.

"ಅದು ಸರಿಯೋಯ್ತೇನ್ಲಾ ಅಂಬರೀಸ?"

"ಸರಿಯಾದಂಗೇಯ, ಅಮ್ಮ."

"ಆದಂಗೇಯ ಅಂದ್ರೇನ್ಲಾ? ಆಗ್ಯದೋ, ಇಲ್ವೋ?"

ಪಟ್ಟಲಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಆರು ವರ್ಸ ಮೈನ್ ಸ್ವಿಚ್ಚು ಆರ್ಸಿದೋಳು ನಾನು ಕಣ್ಲಾ. 'ನಂಗೆ ಯೋಳ್ಬ್ಯಾಡ, ನಿಂಗನ್ಸಿದಾಗ ಆರ್ಸು, ಕರೆಂಟೇನು ಯೋಳ್ಬುಟ್ಟು ಓಯ್ತದಾ' ಅನ್ನೋರು. ಅಡ್ಗೆ ಮಾಡ್ತಾ ಆರ್ಸಿವ್ನಿ, ಜಗಳ ಆಡ್ಕೊಂಡು ಆರ್ಸಿವ್ನಿ. ಆ ಮನುಸ ಒಂದ್ಕಿತನೂ ಸರಿಯಾದಂಗೇಯ ಅನ್ನಿಲ್ಲ. ಅವ್ರು ಸತ್ರು ಅಂತ ಅದು ಸರಿಯಾಗೋಯ್ತಾ?"

ಹೇಳುತ್ತಲೇ ಗೋಡೆಯ ಬಳಿಗೆ ಹೋಗಿ ಸ್ವಿಚ್ಚು ಎಳೆದರು. ಫ್ಯಾನು ನಿಂತಿತು. ಐಸ್ ಪೆಟ್ಟಿಗೆಯ ಗುಂಯ್‌ಗುಡುವಿಕೆಯೂ ನಿಂತಿತು.

"ಬುದ್ಧಿಗಿದ್ಧಿ ಕೆಟ್ಟೋಯ್ತೇನಮ್ಮ? ಪೆಟ್ಗೆ ಆರೋಯ್ತು!" ಎಂದು ಚಿಕ್ಕಬೋರಯ್ಯ ಕೂಗಿಕೊಂಡರು.

ಪಟ್ಟಲಮ್ಮ ಸ್ವಿಚ್ಚು ಮತ್ತೆ ಮೇಲೆತ್ತಿದರು. "ಒಳಗೋಗಿ ನೋಡವ್ವ ಅರುಂಧತಿ."

ಒಳಕೋಣೆಯಲ್ಲಿ, ಸದಾ ಫೈಲು ಬರೆಯುತ್ತಲೇ ಇರುವಂತೆ ಮೇಷ್ಟ್ರು ಬಿಟ್ಟಿದ್ದ ಹಳೆಯ ಕಂಪ್ಯೂಟರು ಗೊರಗೊರ ಎನ್ನುತ್ತ ಮತ್ತೆ ಎದ್ದಿತು. ಅವಳು ಒಂದೊಂದೇ ಫೈಲು ತೆಗೆದಳು. ಎಲ್ಲವೂ ನೆಟ್ಟಗಿದ್ದವು. ಹಿಂದೆಯೇ ಬಂದಿದ್ದ ಅಂಬರೀಶ ಹಿಗ್ಗಿಬಿಟ್ಟ.

"ನೋಡು, ಎಲ್ಲಾ ಅವೆ! ಈಗ್ಲಾದ್ರೂ ಊಂ ಅನ್ನೇ."

ಅರುಂಧತಿ ಅವನ ಮೊಬೈಲನ್ನು ಅವನ ಎದೆಗೆ ಒತ್ತಿ ಕೊಟ್ಟು, ತನ್ನದನ್ನು ತೆಗೆದಳು. 'ಒಪ್ಪಿಗೆ ಇಲ್ಲ. ಒಂದು ತಪ್ಪಿನ ಕಾರಣ ಇನ್ನೂ ತಿಳಿದಿಲ್ಲ. ಪ್ರಯೋಗದಲ್ಲೇ ಇರಲಿ' ಎಂದು ಬರೆದು, ಕೆಳಗೆ ತನ್ನ ಹೆಸರು ಹಾಕಿ ಕಳಿಸಿಬಿಟ್ಟಳು. ಅಂಬರೀಶ ಏನೋ ಬೈದುಕೊಂಡು ಆಚೆ ನಡೆದ.

ಕೀಬೋರ್ಡಿನ ಪಕ್ಕದಲ್ಲೊಂದು ನೋಟ್‌ಬುಕ್ಕು ತೆರೆದೇ ಇತ್ತು. ಪುಟ ತುಂಬ, ಕರೆಂಟು ತೆಗೆದ ಒಂದೊಂದು ಸಲಕ್ಕೆ ಒಂದೊಂದರಂತೆ, ಐದೈದಾಗಿ ಕಟ್ಟಿದ ಪೆನ್ಸಿಲ್ ಗೆರೆಗಳು. ಕೊನೆಯ ಕಟ್ಟಿನಲ್ಲಿ ಮೂರೇ ಇದ್ದವು. ಅವಳು ನಾಲ್ಕನೆಯದನ್ನು ಎಳೆದಳು.

"ಬರ್ಕಂಡ್ಯೇನವ್ವ?" ನಡುಮನೆಯಿಂದ ಪಟ್ಟಲಮ್ಮ ಕೇಳಿದರು.

"ಬರ್ಕಂಡೆ, ಅಮ್ಮ."

ನಡುಮನೆಯಲ್ಲಿ ಸ್ವಿಚ್ಚು ಟಕ್ಕೆಂದಿತು. ಕಂಪ್ಯೂಟರು ಮತ್ತೆ ಕಪ್ಪಾಯಿತು. ಹೊರಗೆ ವ್ಯಾನಿನವನು ಹಾರನ್ ಹೊಡೆಯುತ್ತಲೇ ಇದ್ದ.