ಕಿಟಕಿಯಿಂದ ಬರುತ್ತೇನೆ ಎಂದವಳು

ಮನೆಯ ಕಂಪ್ಯೂಟರಿನ ಬಂದೂಕಿನ ಆಟದಲ್ಲಿ ಅಮಿತಾಳನ್ನು ಸೋಲಿಸುವವರೇ ಇರಲಿಲ್ಲ. ಅಲ್ಲಿಯ ವೈರಿಗಳು ದಿನಾ ಅದೇ ಬಾಗಿಲಿಂದ ನುಗ್ಗಿ, ಅದೇ ಕಂಬದ ಹತ್ತಿರ ನಿಂತು, ಗುಂಡು ತಿಂದು ಬೀಳುತ್ತಿದ್ದವು. ಆ ಧೈರ್ಯದ ಮೇಲೆ ತಂಗಿ ರಮಿತಾಳನ್ನೂ ಎಳೆದುಕೊಂಡು ವಿಠ್ಠಲವಾಡಿ ಸ್ಟೇಷನ್ ಪಕ್ಕದ ಮೋಹನದಾಸನ ಸೈಬರ್ ಕೆಫೆಗೆ ಬಂದಿದ್ದಳು. ಬಂದು ಮರ್ಯಾದೆ ಕಳೆದುಕೊಂಡಿದ್ದಳು.

ಆರು ಭಾನುವಾರ! ಆರೂ ಭಾನುವಾರ ಎದುರು ಜೋಡಿಯ ಆ ದಿಲೀಪ ಅವಳನ್ನು ಆಟದಲ್ಲಿ ಕೊಂದ. ಎಲ್ಲಿ ಅಡಗಿದರೂ ಅವನು ಮೊದಲೇ ಅಲ್ಲಿ ಹಾಜರ್. ಕೊಂದು ಸುಮ್ಮನಿರುತ್ತಾನೆಯೇ? "ಲೇಡೀಸ್ ಡಬ್ಬಾ ಖಾಲಿ ಕರೋ!" ಎಂದು ಲೋಕಲ್ ಟ್ರೈನಿನ ಹೆಂಗಸರ ಬೋಗಿ ಖಾಲಿ ಮಾಡಿಸುವವನ ಹಾಗೆ ಕೂಗುತ್ತಾನೆ. ಅವನ ಗೆಳೆಯ ಮನೀಶ್ ಹಲ್ಲು ಕಿರಿಯುತ್ತಾನೆ. ಅವಳ ಮೈ ಉರಿದುಹೋಗುತ್ತಿತ್ತು.

"ಪರದೆ ಕದ್ದು ನೋಡ್ತಾನೆ ಅವನು!" ಎಂದು ದೂರಿದರೆ ಮೋಹನದಾಸ, "ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ," ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಸಾಯಲಿ ಅವನ ಗಾದೆ!

ಈವತ್ತು ದಿಲೀಪ-ಮನೀಶರ ಎದುರು ಮೂರು ಸುತ್ತು. ಎರಡು ಗೆದ್ದ ಜೋಡಿಗೆ ಮುಂದಿನ ಭಾನುವಾರ ಮಾಜಿವಾಡಾದ ಪಂದ್ಯದಲ್ಲಿ ಕೆಫೆಯ ಪರವಾಗಿ ಆಡುವ ಅವಕಾಶ. ರಬಾಳೆಯ ಕಾರ್ಖಾನೆಯ ಪ್ಯಾಕಿಂಗ್ ಲೈನಿನಲ್ಲಿ ವಾರವಿಡೀ ಬಾಯಿ ಮುಚ್ಚಿಕೊಂಡು ನಿಲ್ಲುವ ಅಮಿತಾಳಿಗೆ ಆ ಜಾಗ ಬೇಕೇ ಬೇಕಿತ್ತು. ಒಂದು ಸುತ್ತು ಸೋತಳು. ಇನ್ನೊಂದನ್ನು ರಮಿತಾ ಅದೃಷ್ಟದಲ್ಲಿ ಗೆದ್ದಳು.

ಮೂರನೆಯದಕ್ಕೆ ಮುಂಚೆ ದಿಲೀಪನ ಮೊಬೈಲ್ ರಿಂಗಾಯಿತು. ಹಳೇ ಸೆಟ್ಟು, ಆಚೆಯವರ ಮಾತೆಲ್ಲ ಹೊರಗೇ ಕೇಳುತ್ತದೆ.

"ಏನ್ ಮಾಡಾಕತ್ತೀಯೋ ದಿಲೀಪಾ? ರೊಟ್ಟಿ ಆರಿ ಹೋದ್ವು. ಲಗೂನ ಬಾ!"

"ಆ ರಹಾ ಹೂಂ ಅವ್ವಾ, ಪಾಂಚ್ ಮಿನಿಟ್," ಐದೇ ನಿಮಿಷದಲ್ಲಿ ಬಂದೆ ಎಂದು ಅವನು ಹಿಂದಿಯಲ್ಲೇ ಹೇಳಿದ.

ಅಮಿತಾಳ ಕೈ ಮೌಸಿನ ಮೇಲೇ ನಿಂತಿತು. ಮೊದಲ ದಿನ ಅವಳೇ ಕೇಳಿದ್ದಳು, "ಕನ್ನಡದವರಾ?" ಎಂದು. "ನಹೀ ಆತಾ," ಬರುವುದೇ ಇಲ್ಲ ಎಂದಿದ್ದ ಪುಣ್ಯಾತ್ಮ! ಆ ಮಾತು ನಂಬಿ ಅಕ್ಕತಂಗಿ ಆರು ವಾರ ಕೆಫೆ ಹಾರಿಹೋಗುವ ಹಾಗೆ ಕೂಗಿದ್ದರು: "ರಮಿತಾ, ನಾನು ಮೆಟ್ಟಿಲ ಹಿಂದೆ!" "ಅಕ್ಕಾ, ನಾನು ಎಡಕ್ಕೆ!" ಅವನು ಪರದೆ ನೋಡಬೇಕಾದ್ದೇನಿತ್ತು? ಕಂಪ್ಯೂಟರಿನ ವೈರಿಗೆ ಕಿವಿ ಇಲ್ಲ. ಇವನಿಗೆ ಎರಡೆರಡಿವೆ. ಅವನ ಮೇಲಿನಷ್ಟೇ ಸಿಟ್ಟು ಅವಳಿಗೆ ತನ್ನ ಬಾಯಿಯ ಮೇಲೂ ಬಂತು.

ಏನೂ ತೋರಿಸಿಕೊಳ್ಳದೆ ಆಟಕ್ಕಿಳಿದಳು. ರಮಿತಾ ಮನೀಶನನ್ನು ಹೊಡೆದಳು, ದಿಲೀಪ ರಮಿತಾಳನ್ನು ಹೊಡೆದು ಗೋದಾಮಿನೊಳಗೆ ಸೇರಿಕೊಂಡ. ಉಳಿದವರು ಇಬ್ಬರೇ.

"ರಮಿತಾ," ಅಮಿತಾ ಗಂಟಲು ಹರಿಯುವಂತೆ ಕೂಗಿದಳು, "ನಾನು ಹಿಂದಿನ ಕಿಟಕಿಯಿಂದ ಹೋಗ್ತೇನೆ ಮಾರಾಯ್ತಿ!"

ಎದುರು ಬಾಗಿಲಿಂದ ಒಳಹೋದಳು. ದಿಲೀಪ ಬೆನ್ನು ತೋರಿಸಿ ಕಿಟಕಿಗೆ ಬಂದೂಕು ಹಿಡಿದು ನಿಂತಿದ್ದ. ಅವಳು ಹೊಡೆದಳು. ಬಿದ್ದ ಮೇಲೂ ಹೊಡೆಯುತ್ತಲೇ ಇದ್ದಳು.

ದಿಲೀಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

"ಏ ಅಕ್ಕಾ! ಕಿಟಕ್ಯಾಗಿಂದ ಬರ್ತೀನಿ ಅಂದು ಬಾಗಿಲಾಗಿಂದ ಬಂದ್ಯಲ್ಲ! ಮೋಸ ಇದು, ಮೋಸ!"

ತಾನು ಯಾವ ಭಾಷೆಯಲ್ಲಿ ಚೀರಿದೆ ಎಂದು ಅವನಿಗೆ ತಡವಾಗಿ ಹೊಳೆಯಿತು.

ಅಮಿತಾಳ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಬಂತಲ್ಲ ಬಾಯಿಗೆ?" ಎಂದಳು. "ಹೋಗು, ನಿಮ್ಮವ್ವ ರೊಟ್ಟಿ ಇಟ್ಟುಕೊಂಡು ಕೂತಿದ್ದಾರೆ. ಅವರಿಗಾದರೂ ಕನ್ನಡದಲ್ಲಿ ಉತ್ತರ ಕೊಡು."