ಎಡ ಚಕ್ರದ ಸದ್ದು

ನಟ್ಟು ಅಲ್ಲಾಡುತ್ತಿಲ್ಲ, ಸ್ಪಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಅದರ ಮೇಲೆ ಎರಡೂ ಕಾಲಿಟ್ಟು ನಿಂತಿದ್ದೇನೆ, ನನ್ನ ಅರವತ್ತೆಂಟು ಕಿಲೋ ಇದಕ್ಕೆ ಲೆಕ್ಕಕ್ಕೇ ಇಲ್ಲ, ಪಕ್ಕದ ಮನೆಯಾಕೆ ಬಟ್ಟೆ ಹರವುತ್ತಾ ನೋಡುತ್ತಿದ್ದಾಳೆ, ನೋಡಲಿ, ಭಾನುವಾರ ಬೆಳಿಗ್ಗೆ ಹೆಂಗಸೊಬ್ಬಳು ಕಾರಿನ ಪಕ್ಕ ಕೋತಿಯ ಹಾಗೆ ಕುಣಿಯುವುದು ದಿನಾ ಸಿಗುವ ನೋಟವೇನಲ್ಲ — ಟಕ್, ಬಂತು, ಬಂದೇಬಿಟ್ಟಿತು, ಇನ್ನು ಜ್ಯಾಕ್ ಏರಿಸಿ ಚಕ್ರ ಕಳಚುವುದು, ಅಣ್ಣ ಬರುವುದರೊಳಗೆ ಮುಗಿಸಬೇಕು, ಅತ್ತಿಗೆಗೆ ಹೇಳಬಾರದಿತ್ತು, ಅವಳ ಬಾಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಮೂವತ್ತು ವರ್ಷ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡ ಅಣ್ಣ ಇರುವಾಗ ತಂಗಿ ಮನೆಮುಂದೆ ತಾನೇ ಬೇರಿಂಗ್ ಬದಲಿಸುವುದೆಂದರೆ ಅವನ ಮುಖಕ್ಕೆ ಹೊಡೆದ ಹಾಗೆ, ಗೊತ್ತು, ಆದರೆ ಹದಿನೈದು ದಿನದ ಹಿಂದೆ ಮೊದಲು ಅವನ ಹತ್ತಿರವೇ ಒಯ್ದಿದ್ದೆನಲ್ಲ, ಎಡಗಡೆ ಮುಂದಿನ ಚಕ್ರ ಗುಂಯ್ ಅನ್ನುತ್ತೆ ಅಣ್ಣಾ, ಜೋರಾಗಿ ಹೋದ್ರೆ ಸದ್ದೂ ಜೋರಾಗುತ್ತೆ, ಅವನು ಕಾರು ಮೇಲೆತ್ತಿ ಚಕ್ರ ತಿರುಗಿಸಿದ, ನನ್ನ ಕಿವಿಗೆ ಮರಳು ಅರೆದ ಹಾಗೆ ಕರಕರ, ಅವನು ತಲೆ ವಾಲಿಸಿ ಆಲಿಸಿದ, ಏನೂ ಇಲ್ವಲ್ಲೇ, ಬೆಣ್ಣೆ ಥರ ತಿರುಗ್ತಿದೆ, ಟೈರಿನ ಸದ್ದು ಅದು. ನಾನು ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಬ್ರೇಕಿನ ಭಾಗ ಬಿಚ್ಚಿ ತಂತಿಯಲ್ಲಿ ನೇತುಹಾಕಿದೆ, ಅದರ ಭಾರ ರಬ್ಬರ್ ಪೈಪಿನ ಮೇಲೆ ಬೀಳಬಾರದು, ಇದನ್ನು ಕಲಿಸಿದವನೂ ಅವನೇ, ಬೇರಿಂಗ್ ಹಿಡಿದಿರುವ ನಾಲ್ಕು ಬೋಲ್ಟುಗಳಲ್ಲಿ ಮೂರು ಬಂದವು, ನಾಲ್ಕನೆಯದು ತುಕ್ಕು ಹಿಡಿದು ಹಟಕ್ಕೆ ಕೂತಿದೆ, ಎಣ್ಣೆ ಬಿಟ್ಟು ಕಾಯಬೇಕು, ಕಾಯುವುದೇ ಕಷ್ಟ, ಕೈ ಸುಮ್ಮನಾದರೆ ತಲೆ ಓಡುತ್ತದೆ, ಓಡಿ ಓಡಿ ಆ ಶಾಲೆಯ ವ್ಯಾನಿಗೇ ಹೋಗಿ ನಿಲ್ಲುತ್ತದೆ — ಅವತ್ತು ಗ್ಯಾರೇಜಿಗೆ ನನಗಿಂತ ಮುಂಚೆ ಬಂದಿತ್ತು, ಡ್ರೈವರು ಮುಂದಿನ ಚಕ್ರ ಸದ್ದು ಮಾಡ್ತಿದೆ ಅಂದ, ಅಣ್ಣ ತಿರುಗಿಸಿ ನೋಡಿ, ಏನಾಗಿಲ್ಲ, ಆರಾಮಾಗಿ ಓಡಿಸು ಅಂದ, ಇಪ್ಪತ್ತು ಮಕ್ಕಳು, ಇಪ್ಪತ್ತು ಬ್ಯಾಗು, ಆಮೇಲೆ ನನ್ನ ಕಾರಿನ ಸರದಿಯಲ್ಲಿ ನನಗೆ ಗೊತ್ತಾಯಿತು, ಗೊತ್ತಾಗಿಯೂ ಹದಿನೈದು ದಿನ ಬಾಯಿ ಬಿಡಲಿಲ್ಲ. ಮನೆಯಲ್ಲಿ ಎಲ್ಲರೂ ನಗುತ್ತೇವೆ, ಸಕ್ಕರೆ ಬೇಕಾ ಅಂದರೆ ಶುಕ್ರವಾರ ಅನ್ನುತ್ತಾನೆ, ಟಿವಿ ಇಡೀ ಬೀದಿಗೆ ಕೇಳಿಸುತ್ತದೆ, ನಕ್ಕು ಸುಮ್ಮನಾದೆವು, ಕಿವಿಯಿಂದಲೇ ಬದುಕು ಕಟ್ಟಿಕೊಂಡವನಿಗೆ ನಿನ್ನ ಕಿವಿ ಹೋಗಿದೆ ಅಂತ ಯಾರು ಹೇಳುವುದು, ನಾನಂತೂ ಅಲ್ಲ, ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯುವ ನಾನು ಎಷ್ಟು ತೋಳಿಗೆ ಸೂಜಿ ಚುಚ್ಚಿಲ್ಲ, ಇದೊಂದು ಚುಚ್ಚಲು ಆಗಲಿಲ್ಲ.

ಗೇಟಿನ ಹತ್ತಿರ ನೆರಳು, ಬಂದೇಬಿಟ್ಟ, ಬೈಯುತ್ತಾನೆ ಅಂದುಕೊಂಡೆ, ಬೈಯಲಿಲ್ಲ, ನನ್ನ ಕೈಯಿಂದ ಸ್ಪಾನರ್ ತೆಗೆದುಕೊಂಡು ನಾಲ್ಕನೆಯ ಬೋಲ್ಟನ್ನು ಮೊದಲು ಬಿಗಿಮಾಡಿ ಆಮೇಲೆ ಸಡಿಲಿಸಿದ, ಸುತ್ತಿಗೆಯಿಂದ ಎರಡೇ ಏಟು, ಹಳೆಯ ಬೇರಿಂಗ್ ಕಳಚಿ ಅವನ ಅಂಗೈಗೆ ಬಿತ್ತು, ಅದನ್ನು ಬೆರಳಲ್ಲಿ ತಿರುಗಿಸಿದ, ನಿಲ್ಲಿಸಿದ, ಮತ್ತೆ ತಿರುಗಿಸಿದ. ಇದು ಸದ್ದು ಮಾಡ್ತಿತ್ತಾ. ಹೂಂ. ಅವತ್ತೂ? ಅವತ್ತೂ ಅಣ್ಣಾ. ಜೋರಾಗಿ? ನಾನು ತಲೆಯಾಡಿಸಿದೆ, ಅವನು ನನ್ನ ತುಟಿಯನ್ನೇ ನೋಡುತ್ತಿದ್ದ, ಎಷ್ಟು ದಿನದಿಂದ ಹೀಗೆ ತುಟಿ ನೋಡಿಕೊಂಡು ಮಾತಾಡುತ್ತಿದ್ದಾನೋ, ನಾನು ಗಮನಿಸಿಯೇ ಇರಲಿಲ್ಲ. ವ್ಯಾನಿನವನಿಗೆ ಫೋನ್ ಮಾಡು, ಅಂದ, ನೀನೇ ಮಾತಾಡು, ಫೋನಲ್ಲಿ ನಂಗೆ ಸರಿಯಾಗಿ ಕೇಳಿಸಲ್ಲ ಕಣೇ — ಎಷ್ಟು ಸಲೀಸಾಗಿ ಹೇಳಿಬಿಟ್ಟ, ಅಥವಾ ಸಲೀಸಲ್ಲ, ಹೇಳಿ ಮುಗಿಸಿ ಕೈಯೊರೆಸುವ ಬಟ್ಟೆ ಹುಡುಕುವ ನೆಪದಲ್ಲಿ ಅತ್ತ ತಿರುಗಿದ. ಡ್ರೈವರು ಸಿಕ್ಕಿದ, ಸದ್ದು ಈಗ ಹೆಚ್ಚಾಗಿದೆ ಅಕ್ಕಾ, ನಿಮ್ಮಣ್ಣ ಏನಾಗಿಲ್ಲ ಅಂದ್ರಲ್ಲ ಅಂತ ಸುಮ್ನಿದ್ದೆ, ಅಂದ, ನಾನು ತಡೆದು, ವ್ಯಾನ್ ಹೊರಗೆ ತೆಗೀಬೇಡಿ, ನಾವೇ ಬರ್ತೀವಿ, ಅಣ್ಣನೇ ನೋಡ್ತಾನೆ, ಅಂದೆ, ಅಂದ ಮೇಲೆ ಕೇಳಿಸದೆ ಹೇಗೆ ನೋಡುತ್ತಾನೆ ಅನ್ನಿಸಿತು.

ಹೊಸದನ್ನು ಕೂರಿಸಿದೆವು, ಒಬ್ಬರು ಹಿಡಿದು ಇನ್ನೊಬ್ಬರು ಬಿಗಿದು, ಚಕ್ರ ಹಾಕಿದೆವು, ಕಾರು ಇನ್ನೂ ಜ್ಯಾಕಿನ ಮೇಲೆ, ಈಗ ತಲೆ ವಾಲಿಸುತ್ತಾನೆ ಅಂದುಕೊಂಡೆ, ವಾಲಿಸಲಿಲ್ಲ, ಮಂಡಿಯೂರಿ ಎಡಗೈಯನ್ನು ಚಕ್ರದ ಹಿಂದೆ ತೂರಿಸಿ ಮೇಲಿನ ಸ್ಪ್ರಿಂಗನ್ನು ಬೆರಳಲ್ಲಿ ಹಿಡಿದ, ಬಲಗೈಯಿಂದ ಚಕ್ರ ತಿರುಗಿಸಿದ, ಕಣ್ಣು ಮುಚ್ಚಿದ, ಸರಿಯಿದ್ರೆ ಕೈಗೆ ಏನೂ ಬರಲ್ಲ, ಕೆಟ್ಟಿದ್ರೆ ಜುಮ್ ಅನ್ನುತ್ತೆ, ನೋಡು, ಏನೂ ಇಲ್ಲ, ಅಂದ, ಯಾರು ಹೇಳಿಕೊಟ್ಟರೋ, ಯಾವಾಗ ಕಲಿತನೋ, ಅತ್ತಿಗೆಗೆ ಹೇಳಬೇಕು, ಕಿವಿ ಡಾಕ್ಟರ ಹತ್ತಿರ ಕರೆದೊಯ್ಯಬೇಕು, ವ್ಯಾನಿಗೆ ಹೊರಡಬೇಕು, ಜ್ಯಾಕ್ ಇಳಿಸಬೇಕು, ಏಳಬೇಕು, ಏಳುತ್ತಿಲ್ಲ ನಾನು, ಅವನು ಇನ್ನೊಮ್ಮೆ ತಿರುಗಿಸುತ್ತಿದ್ದಾನೆ, ಸ್ಪ್ರಿಂಗಿನ ಮೇಲೆ ಆ ಬೆರಳುಗಳು, ಗ್ರೀಸು ಮೆತ್ತಿದ ನಾಲ್ಕು ಬೆರಳು, ಮುಚ್ಚಿದ ಕಣ್ಣು, ಸ್ಪ್ರಿಂಗಿನ ಮೇಲೆ ಆ ಬೆರಳುಗಳು —