ಮೊಗ್ಗಿನ ಬಣ್ಣ

ಒಣಗಿದ ಮಾದಲ ಗಿಡದ ಕುಂಡವನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ದೂಡುವಷ್ಟರಲ್ಲಿ ಗುರುಬಸಮ್ಮನಿಗೆ ಏದುಸಿರು ಬಂತು. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಜೀವ ಬಿಟ್ಟ ಗಂಡ ಗಾದಿಲಿಂಗಪ್ಪನನ್ನು ಕೆಳಗೆ ಪಡಸಾಲೆಯಲ್ಲಿ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಪಾರ್ವತಿನಗರದ ಆ ಮನೆಗೆ ಮಣ್ಣಿಗೆಂದು ಜನ ಬರುತ್ತಲೇ ಇದ್ದರು. ಹೆಂಡತಿಯಾದವಳು ಮಾಳಿಗೆ ಮೇಲೆ ಕುಂಡ ಎಳೆದಾಡುತ್ತಾಳೆಂದರೆ ನೋಡಿದವರು ಏನೆಂದಾರು! ಅನ್ನಲಿ. ಸಿರುಗುಪ್ಪ, ಕುರುಗೋಡಿನಿಂದ ಗಿಡದ ಹುಚ್ಚಿನವರು ಹೊರಟಿದ್ದಾರಂತೆ. ಬಂದವರು ಮೊದಲು ಕೇಳುವುದೇ ಮಾದಲವನ್ನು.

“ಎವ್ವಾ, ಮ್ಯಾಲೆ ಏನು ಮಾಡಾಕ ಹತ್ತೀ? ಎಲ್ಲಾರೂ ನಿನ್ನ ಕೇಳಾಕ ಹತ್ಯಾರ,” ಮಗಳು ಶೈಲಜಾ ಕೂಗಿದಳು.

“ಬಂದೆ ತಡಿ. ನಿಮ್ಮಪ್ಪ ಏನು ಎದ್ದು ಓಡಿ ಹೋಗ್ತಾನೇನು!”

*

ಗಾದಿಲಿಂಗಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಮೂವತ್ತು ವರ್ಷ ಟಿಕೆಟ್ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಕಡ್ಡಿಗಳನ್ನು ಊರಿಂದೂರಿಗೆ ಸಾಗಿಸಿದ. ಒಂದು ಮನೆಗೆ ಚಕ್ಕೋತದ ಬೀಜ ಕೊಟ್ಟು, ಅಲ್ಲಿಂದ ಹೇರಳೆ ಸಸಿ ತಂದು, ಅದನ್ನು ಇನ್ನೊಂದು ಮನೆಗೆ ದಾಟಿಸುವುದೇ ಅವನ ಸುಖ. ಹಾಗೆ ಬಂದದ್ದು ಈ ಕೈಮಾದಲ. ಹಳದಿ ಬೆರಳು ಚಾಚಿದ ಕೈಯಂಥ ಹಣ್ಣು. ರಸವಿಲ್ಲ, ಬೀಜವಿಲ್ಲ, ಕಡ್ಡಿ ನೆಟ್ಟರೆ ಮಾತ್ರ ವಂಶ. ಆದರೆ ಒಂದು ಹಣ್ಣಿಟ್ಟರೆ ತಿಂಗಳೊಪ್ಪತ್ತು ಮನೆಯೆಲ್ಲ ಘಮಘಮ. ಮೊಣಕಾಲು ನೋವಿನ ಗುರುಬಸಮ್ಮ ಮಾಳಿಗೆ ಹತ್ತುತ್ತಿದ್ದುದೇ ಅಪರೂಪ, ಅವಳು ಕಂಡದ್ದು ಅವನು ಕೆಳಗೆ ತಂದ ಹಣ್ಣನ್ನು ಮಾತ್ರ.

“ಬೇಕಾದ್ದು ಊರಿಗೆಲ್ಲಾ ಹಂಚ್ರಿ, ಇದೊಂದು ಯಾರಿಗೂ ಕೊಡಬ್ಯಾಡ್ರಿ. ಇದು ನಂದು,” ಎಂದಿದ್ದಳು ಗುರುಬಸಮ್ಮ.

“ನಿನ್ನಾಣಿ, ಕೊಡಾಂಗಿಲ್ಲ,” ಎಂದು ಅವಳ ತಲೆ ಮೇಲೆ ಕೈಯಿಟ್ಟಿದ್ದ.

ಈ ಬೇಸಿಗೆಯಲ್ಲಿ ಅವನು ಆಸ್ಪತ್ರೆ ಸೇರಿದ. ಇಪ್ಪತ್ತು ದಿನ ಅವನ ಮಗ್ಗುಲು ಬಿಡದವಳಿಗೆ ಮಾಳಿಗೆಯ ನೆನಪೇ ಹಾರಿತ್ತು. ನೆನಪಾಗಿ, ಮೊಣಕಾಲು ಹಿಡಿದುಕೊಂಡು ಹತ್ತಿ ನೋಡಿದರೆ ಬಳ್ಳಾರಿ ಬಿಸಿಲು ಮಾದಲವನ್ನು ಸೌದೆ ಮಾಡಿತ್ತು. ಅವತ್ತೇ ಸಂಜೆ ಅವನು ಕೇಳಿದ.

“ಮಾದಲ ಹೆಂಗೈತಿ?”

“ಭಾಳ ಚಲೋ ಐತಿ. ಮೊಗ್ಗು ಬಿಟ್ಟೈತಿ.”

“ಹೌದಾ! ಯಾವ ಬಣ್ಣ?”

“ಇನ್ಯಾವ ಬಣ್ಣ? ಬೆಳ್ಳಗ, ಮಲ್ಲಿಗಿಯಂಗ.”

ಅವನು ಅವಳ ಮುಖವನ್ನೇ ನೋಡಿ ಮೀಸೆಯಲ್ಲೇ ನಕ್ಕಿದ್ದ. ಸದ್ಯ, ನಂಬಿದ ಎಂದುಕೊಂಡಿದ್ದಳು. ಸಾಯುವವನಿಗೆ ಸುಳ್ಳು ಹೇಳಿ ಕಳಿಸಿದೆನಲ್ಲ ಎಂಬುದೇ ಈಗ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

*

ಕುರುಗೋಡಿನ ಹೊನ್ನೂರಪ್ಪ ಹಾರ ಹಾಕಿ ಕಣ್ಣೊರೆಸಿಕೊಳ್ಳುತ್ತಿದ್ದ. ಆಗ ಸಿರುಗುಪ್ಪದ ಟೀಚರ್ ಸಂಘಮಿತ್ರಾ ಬಟ್ಟೆ ಮುಚ್ಚಿದ ಕುಂಡವೊಂದನ್ನು ಎದೆಗವಚಿಕೊಂಡು ಬಂದವಳೇ, ಸದ್ದಿಲ್ಲದೆ ಮಾಳಿಗೆಯ ಮೆಟ್ಟಿಲ ಕಡೆ ಸರಿದಳು. ಗುರುಬಸಮ್ಮ ಎದ್ದು ಅಡ್ಡ ನಿಂತಳು.

“ಎಲ್ಲಿಗೆ ಹೊಂಟೀಯವ್ವಾ? ಮ್ಯಾಲೆ ಏನೂ ಇಲ್ಲ!”

ಸಂಘಮಿತ್ರಾ ತಡವರಿಸಿದಳು. “ನಿಮಗ ಗೊತ್ತಾಗದಂಗ ಇಟ್ಟು ಬಾ ಅಂದಿದ್ರು, ಅವ್ವಾರ.”

“ಯಾರು?”

ಟೀಚರ್ ಗೋಡೆಗೆ ಒರಗಿ ಕೂತವನ ಕಡೆ ನೋಡಿದಳು. “ಹೋದ ವಾರ ಫೋನ್ ಮಾಡಿದ್ರು. ‘ಮಾದಲದ ಮೊಗ್ಗು ಬೆಳ್ಳಗದಾವ ಅಂತಾಳ ನಮ್ಮಾಕಿ. ಅಂದ್ರ ಗಿಡ ಹೋಗೈತಿ. ನನಗ ನೋವಾದೀತಂತ ಸುಳ್ಳು ಹೇಳ್ಯಾಳ, ಪಾಪ. ನಾ ಕೊಟ್ಟ ಕಡ್ಡಿ ನಿಮ್ಮನಿಯಾಗ ಗಿಡ ಆಗೈತಲ್ಲ, ಅದನ್ನ ತಂದು ಆ ಜಾಗದಾಗ ಇಟ್ಟುಬಿಡು. ಆಕಿ ಮಾತು ಸುಳ್ಳಾಗಬಾರದು’ ಅಂದ್ರು. ನಾನ ತಡ ಮಾಡಿಬಿಟ್ಟೆ.”

“ನಿನಗೂ ಕಡ್ಡಿ ಕೊಟ್ಟಿದ್ರಾ?” ಹೊನ್ನೂರಪ್ಪ ಬಾಯಿ ತೆರೆದ. “ನಿನಗೊಬ್ಬನಿಗೇ, ಯಾರಿಗೂ ಹೇಳಬ್ಯಾಡ ಅಂದಿದ್ರಲ್ಲ ನನಗ!”

“ನನಗೂ ಹಂಗ ಅಂದಿದ್ರು,” ಬಾಗಿಲಲ್ಲಿದ್ದ ಮೋಕಾ ಊರಿನ ಎರ್ರಣ್ಣ ಮೆಲ್ಲಗೆ ಕೈಯೆತ್ತಿದ. ಸಾವಿನ ಮನೆಯೆಂಬುದನ್ನೂ ಮರೆತು ಪಡಸಾಲೆ ಗೊಳ್ಳೆಂದಿತು.

ಗುರುಬಸಮ್ಮ ಬಟ್ಟೆ ಸರಿಸಿದಳು. ಟೊಂಗೆಯ ತುದಿಯಲ್ಲಿ ಗೊಂಚಲು ಮೊಗ್ಗು. ಒಂದೂ ಬೆಳ್ಳಗಿರಲಿಲ್ಲ, ಎಲ್ಲವೂ ಬದನೆಕಾಯಿಯ ನೇರಳೆ ಬಣ್ಣ.

“ಎಲಾ ಕಳ್ಳ! ನನ್ನ ತಲಿ ಮ್ಯಾಲೆ ಕೈಯಿಟ್ಟು ಆಣಿ ಮಾಡಿದ್ಯಲ್ಲ!” ಎಂದವಳಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು.

“ಎವ್ವಾ, ಎತ್ತೋ ಹೊತ್ತಾತು. ಅಪ್ಪನ ಪಾದಕ್ಕ ನೀರು ಹಾಕು,” ಎಂದು ಶೈಲಜಾ ತಂಬಿಗೆ ಕೊಟ್ಟಳು. ಗುರುಬಸಮ್ಮ ಕುಂಡವನ್ನು ಗಂಡನ ಮುಂದಿಟ್ಟಳು. ಅರ್ಧ ತಂಬಿಗೆ ಅವನ ಪಾದಕ್ಕೆ ಸುರಿದು, ಉಳಿದರ್ಧವನ್ನು ಬುಡದ ಮಣ್ಣು ನೆನೆಯುವ ತನಕ ಗಿಡಕ್ಕೆ ಹಾಕಿದಳು.